ಎರಡನೇ ಡ್ರೈವರ್

ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಸಿಟ್ಟು ಬರುತ್ತದೆ. ಇದು ಅಪ್ಪನಿಂದ ಬಂದ ಗುಣ. ಅಪ್ಪ ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದರು. ದಾವಣಗೆರೆಯಿಂದ ವಿಜಯವಾಡಕ್ಕೆ ವರ್ಗವಾಗಿ ಬಂದರು, ನನ್ನನ್ನು ಇಲ್ಲೇ ಒಂದು ಮನೆಗೆ ಮದುವೆ ಮಾಡಿಕೊಟ್ಟರು, ಮುಂದಿನ ವರ್ಗದ ಆದೇಶ ಬಂದಾಗ ಸಾಮಾನು ಕಟ್ಟಿಕೊಂಡು ಹೊರಟುಹೋದರು. ಹೋಗುವಾಗ ನನ್ನ ಬಳಿ ಉಳಿದದ್ದು ಅರ್ಜಿ ತುಂಬುವ ಶಿಸ್ತು. ಹೆಸರು, ವಿಳಾಸ, ದಿನಾಂಕ, ಸಹಿ, ಒಂದೂ ಬಿಡದೆ, ದುಂಡು ಅಕ್ಷರದಲ್ಲಿ.

ಗಂಡನ ಮನೆಯಲ್ಲಿ ಮೂರು ಲಾರಿಗಳಿದ್ದವು. ಮೂರರ ಕಾಗದಪತ್ರಗಳೂ ಒಂದೇ ಬಿಸ್ಕೆಟ್ ಡಬ್ಬಿಯಲ್ಲಿದ್ದವು. ಪರ್ಮಿಟ್ ಹುಡುಕಿದರೆ ಕರೆಂಟ್ ಬಿಲ್ ಕೈಗೆ ಬರುತ್ತಿತ್ತು. ಮಾವನ ಅಜ್ಜ ಬಳ್ಳಾರಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಮನೆಗೆ ಬಂದ ಸೊಸೆಯರೆಲ್ಲ ತೆಲುಗಿನವರಾದ್ದರಿಂದ ಗಂಡಸರ ಕನ್ನಡವೂ ಅರ್ಧ ತೆಲುಗಾಗಿತ್ತು. ಮಾವ ಮೂವತ್ತು ವರ್ಷ ಸ್ವತಃ ಲಾರಿ ಓಡಿಸಿ, ಒಂದು ಕೊಂಡು, ಆಮೇಲೆ ಅದನ್ನು ಮೂರು ಮಾಡಿದವರು. ಮೊಣಕಾಲು ನೋವೆಂದು ಸ್ಟೇರಿಂಗ್ ಬಿಟ್ಟಿದ್ದರು, ಹೆವಿ ಲೈಸೆನ್ಸ್ ಮಾತ್ರ ತಪ್ಪದೆ ನವೀಕರಿಸಿಕೊಳ್ಳುತ್ತಿದ್ದರು. ಕನ್ನಡದವಳೊಬ್ಬಳು ಸೊಸೆಯಾಗಿ ಬಂದಳೆಂದು ಅವರಿಗೆ ಬಹಳ ಸಂತೋಷ. ಆದರೂ ನನ್ನನ್ನು ಕರೆಯುತ್ತಿದ್ದದ್ದು ತೆಲುಗಿನಲ್ಲೇ, ‘ಅಮ್ಮಾಯಿ’ ಎಂದು, ಹುಡುಗಿ ಎಂದರ್ಥ. ನಾನು ಅವರನ್ನು ಇಲ್ಲಿನವರಂತೆ ಮಾವಯ್ಯ ಎನ್ನುತ್ತಿದ್ದೆ.

ಬಿಸ್ಕೆಟ್ ಡಬ್ಬಿ ಹೋಗಿ ಫೈಲುಗಳು ಬಂದವು. ಮನೆಯ ಮುಂದಿನ ಕೋಣೆ ಆಫೀಸಾಯಿತು. ನನ್ನ ಗಂಡ ಆಟೋನಗರದಲ್ಲಿ ಟೈರು, ರಿಪೇರಿ, ಬಾಡಿಗೆ ಗಿರಾಕಿಗಳನ್ನು ನೋಡಿಕೊಂಡರೆ, ಕಾಗದದ ಮೇಲಿನ ಲಾರಿಗಳೆಲ್ಲ ನನ್ನವು. ನಮಗೆ ಸಿಗುತ್ತಿದ್ದ ಒಳ್ಳೆಯ ಲೋಡು ವಿಶಾಖಪಟ್ಟಣದಿಂದ ಬರುವ ಕಟ್ಟಡದ ಕಬ್ಬಿಣದ ಕಂಬಿ. ದುವ್ವಾಡದ ಹತ್ತಿರ ಒಂದು ಖಾಸಗಿ ಯಾರ್ಡ್, ಅಲ್ಲಿ ತುಂಬಿಸಿಕೊಂಡು ವಿಜಯವಾಡಕ್ಕೆ ತರಬೇಕು. ಯಾವ ಲಾರಿ ಯಾವಾಗ ಎನ್ನುವುದಕ್ಕೆ ನಮ್ಮ ಮಾಲೀಕರ ಸಂಘದಲ್ಲಿ ಸರದಿ ಇತ್ತು.

ಆ ಯಾರ್ಡಿನವರು ಸುರಕ್ಷತೆಗೆಂದು ಒಂದು ನಿಯಮ ತಂದರು. ಪ್ರತಿ ಲಾರಿಗೂ ಇಬ್ಬರು ಡ್ರೈವರ್. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಬೇಕು, ನಾಲ್ಕು ಗಂಟೆಗೊಮ್ಮೆ ಬದಲಾಗಬೇಕು. ಟ್ರಿಪ್ ಶೀಟಿನಲ್ಲಿ ಇಬ್ಬರ ಹೆಸರು, ಜೊತೆಗೆ ಇಬ್ಬರ ಲೈಸೆನ್ಸ್ ಜೆರಾಕ್ಸ್. ನಿಯಮ ಓದಿ ನನಗೆ ಖುಷಿಯಾಯಿತು. ಕೊನೆಗೂ ಯಾರೋ ಬುದ್ಧಿ ಉಪಯೋಗಿಸಿದರಲ್ಲ ಎಂದುಕೊಂಡೆ. ನಾವು ನಿಜವಾಗಿ ಇಬ್ಬಿಬ್ಬರನ್ನು ಇಟ್ಟೆವು. ಬಾಡಿಗೆ ಸ್ವಲ್ಪ ಹೆಚ್ಚು ಕೇಳಬೇಕಾಯಿತು, ಅಷ್ಟೆ.

ನಾಲ್ಕೇ ತಿಂಗಳಲ್ಲಿ ಲೋಡು ಕಡಿಮೆಯಾಗತೊಡಗಿತು. ನಮ್ಮದೇ ಬೀದಿಯ ಇನ್ನೊಬ್ಬ ಮಾಲೀಕರ ಲಾರಿಗಳು ವಾರಕ್ಕೆ ಎರಡು ಸಲ ಹೋಗಿ ಬರುತ್ತಿದ್ದವು, ನಮ್ಮವು ಆಟೋನಗರದಲ್ಲಿ ನಿಂತು ಧೂಳು ತಿನ್ನುತ್ತಿದ್ದವು. ಅವರ ಬಾಡಿಗೆ ನಮಗಿಂತ ಕಡಿಮೆ, ಹಾಗಾಗಿ ನಮ್ಮ ಸರದಿ ಬಂದರೂ ಯಾರ್ಡಿನವರು ಅವರ ಲಾರಿಯನ್ನೇ ಕರೆಯುತ್ತಿದ್ದರು. ಇಬ್ಬರು ಡ್ರೈವರ್ ಇಟ್ಟುಕೊಂಡು ಅದು ಹೇಗೆ ಗಿಟ್ಟುತ್ತದೆ? ಒಂದು ದಿನ ಸಂಘದ ಕಚೇರಿಯಲ್ಲಿ ಅವರ ಟ್ರಿಪ್ ಶೀಟುಗಳು ಮೇಜಿನ ಮೇಲೆ ಬಿದ್ದಿದ್ದವು. ಕಣ್ಣಾಡಿಸಿದೆ. ಒಂದೇ ದಿನ ಹೊರಟ ಎರಡು ಲಾರಿಗಳಲ್ಲಿ ಎರಡನೇ ಡ್ರೈವರ್ ಒಬ್ಬನೇ! ಅದೇ ಹೆಸರು, ಅದೇ ಜೆರಾಕ್ಸು, ಒಂದರಲ್ಲಿ ಮಾತ್ರ ಫೋಟೋ ಸ್ವಲ್ಪ ಕಪ್ಪಾಗಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಯಾರ್ಡಿನ ಗುಮಾಸ್ತರಿಗೆ ಫೋನ್ ಮಾಡಿ ಹೇಳಿದೆ. ಅವರು ಆರಾಮಾಗಿ ನಕ್ಕರು.

“ಫಾರಂ ಪೂರ್ತಿ ತುಂಬಿದೆಯಲ್ಲ ಮೇಡಂ” ಎಂದರು ತೆಲುಗಿನಲ್ಲಿ. “ನಾವು ನೋಡೋದು ಫಾರಂ. ಹಿಂದುಗಡೆ ಯಾರು ಮಲಗಿದ್ದಾರೆ ಅಂತ ಹತ್ತಿ ನೋಡೋಕಾಗುತ್ತಾ?”

ಆಗ ನಾನು ಮಾಡಬೇಕಾದದ್ದು ಬೇರೆ ಏನೋ ಇತ್ತು. ನಾನು ಮಾಡಿದ್ದು ಇದು: ನಮ್ಮ ಎರಡನೇ ಡ್ರೈವರ್‌ಗಳಲ್ಲಿ ಇಬ್ಬರು ಕೆಲಸವಿಲ್ಲದೆ ಬೇಸತ್ತು ಬಿಟ್ಟುಹೋದಾಗ ಅವರ ಜಾಗಕ್ಕೆ ಯಾರನ್ನೂ ಹುಡುಕಲಿಲ್ಲ. ಒಂದು ಲಾರಿಗೆ ಬಿಟ್ಟುಹೋದವನ ಜೆರಾಕ್ಸನ್ನೇ ಮುಂದುವರಿಸಿದೆ. ಇನ್ನೊಂದಕ್ಕೆ ಫೈಲಿನಲ್ಲಿದ್ದ ಮಾವನ ಲೈಸೆನ್ಸ್ ಪ್ರತಿ ತೆಗೆದು, ಎರಡನೇ ಡ್ರೈವರ್ ಎಂಬ ಕಾಲಂನಲ್ಲಿ ಅವರ ಹೆಸರು ಬರೆದೆ. ಅವರಿಗೆ ಹೇಳಲಿಲ್ಲ. ಗಂಡನಿಗೆ ಹೇಳಿದೆ, ಅವರು “ಎಲ್ಲರೂ ಮಾಡೋದೇ ಬಿಡು” ಎಂದರು. ಬೇಕಾದರೆ ಆ ಶೀಟನ್ನು ಈಗಲೂ ನೋಡಬಹುದು, ಅಕ್ಷರ ಮುತ್ತಿನಂತಿದೆ. ಮೋಸ ಮಾಡುತ್ತಿದ್ದೇನೆ ಎಂದೂ ಅನಿಸಲಿಲ್ಲ. ಮೋಸಗಾರರ ಜೊತೆ ಸಮ ಆದೆ ಎಂದು ಅನಿಸಿತು.

ಲೋಡು ಮತ್ತೆ ಬರತೊಡಗಿತು.

ಮಾವನ ಹೆಸರಿನ ಜೊತೆ ಹೋಗುತ್ತಿದ್ದ ನಿಜವಾದ ಡ್ರೈವರ್ ಮಂಗಳಗಿರಿಯವನು. ಹೆಂಡತಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಹನ್ನೊಂದು ವರ್ಷ ನಮ್ಮಲ್ಲೇ ಇದ್ದ, ಒಂದು ಕನ್ನಡಿ ಒಡೆದವನಲ್ಲ. ನಾನು ಶೀಟು ಕೊಡುತ್ತಾ ಅವನಿಗೆ ಹೇಳಿಕೊಟ್ಟೆ, ಯಾರಾದರೂ ಯೂನಿಫಾರಂನವರು ಕೇಳಿದರೆ ಎರಡನೇ ಡ್ರೈವರ್ ಹಿಂದೆ ಮಲಗಿದ್ದಾನೆ ಅನ್ನು, ತಡವರಿಸಬೇಡ. ಅವನು ತಲೆಯಾಡಿಸಿದ. ನಾನು ಮತ್ತೊಮ್ಮೆ ಕೇಳಿದೆ, ಅವನು ಪಾಠ ಒಪ್ಪಿಸುವಂತೆ ಹೇಳಿದ. ಇಬ್ಬರೂ ನಕ್ಕೆವು. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅದು ಬೆಳಗಿನ ಒಂಬತ್ತು ಗಂಟೆ. ನನ್ನ ಗಂಡ ತಂಗಿಯನ್ನು ವಿಮಾನ ಹತ್ತಿಸಲು ಗನ್ನವರಂಗೆ ಹೋಗಿದ್ದರು. ಮಾವ ಆಫೀಸು ಕೋಣೆಯಲ್ಲಿ ನನ್ನ ಎದುರಿಗೇ ಕೂತು, ಎರಡನೇ ಕಾಫಿ ಕುಡಿಯುತ್ತಾ ತೆಲುಗು ಪೇಪರ್ ಓದುತ್ತಿದ್ದರು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆದ್ದಾರಿ ಗಸ್ತಿನವನೊಬ್ಬ. ನಮ್ಮ ಲಾರಿ ನಂಬರ್ ಹೇಳಿ, ನಿಮ್ಮದೇನಾ ಎಂದ. ಅನಕಾಪಲ್ಲಿ ದಾಟಿ, ತುನಿ ಬರುವುದಕ್ಕೆ ಮೊದಲು, ರಸ್ತೆ ಪಕ್ಕ ನಿಂತಿದ್ದ ಇನ್ನೊಂದು ಲಾರಿಗೆ ಹಿಂದಿನಿಂದ ಗುದ್ದಿದೆ ಎಂದ. ಗುದ್ದಿದ ಏಟಿಗೆ ಕಂಬಿಗಳೆಲ್ಲ ಮುಂದಕ್ಕೆ ಜಾರಿ ಕ್ಯಾಬಿನ್ ಸೀಳಿಕೊಂಡು ಬಂದಿವೆ ಎಂದ.

“ಡ್ರೈವರ್?” ಎಂದೆ.

“ಬದುಕಿದ್ದಾನೆ. ಕಾಲು ಸ್ಟೇರಿಂಗ್ ಕೆಳಗೆ ಸಿಕ್ಕಿಕೊಂಡಿದೆ. ಅವನನ್ನ ಆಮೇಲೆ ತೆಗೀತೀವಿ. ಹಿಂದೆ ಮಲಗಿದ್ದವರ ಸದ್ದೇ ಇಲ್ಲ ಮೇಡಂ. ಕಂಬಿ ಪೂರ್ತಿ ಆ ಹಲಗೆ ಮೇಲೇ ಬಂದು ಕೂತಿದೆ. ಮೊದಲು ಅದನ್ನ ಎಳೀತಾ ಇದ್ದೀವಿ, ಇರೋದು ಒಂದೇ ಕ್ರೇನು.” ಆಮೇಲೆ ಕಾಗದ ಸರಿಸಿದ ಸದ್ದು. ಟ್ರಿಪ್ ಶೀಟು ನೋಡಿ ನನ್ನ ಮಾವನ ಹೆಸರನ್ನು ಪೂರ್ತಿಯಾಗಿ, ಮರ್ಯಾದೆಯಿಂದ, ಕೊನೆಗೆ ‘ಗಾರು’ ಸೇರಿಸಿ ಓದಿದ. “ಇವರಿಗೆ ವಯಸ್ಸೆಷ್ಟು? ಬಿಪಿ, ಶುಗರ್ ಏನಾದರೂ ಇದೆಯಾ?”

ಎದುರಿಗೆ ಮಾವ ಕಾಫಿ ಲೋಟ ಕೆಳಗಿಟ್ಟು ಪೇಪರಿನ ಪುಟ ತಿರುವಿದರು.

‘ಅಲ್ಲಿ ಯಾರೂ ಇಲ್ಲ.’ ಹೇಳಬೇಕಾದದ್ದು ಇಷ್ಟೇ. ಮಗು ಕೂಡ ಹೇಳುತ್ತಿತ್ತು. ನಾನು ಹೇಳಿದ್ದು, “ಒಂದು ನಿಮಿಷ ಇರಿ, ಮನೆಯವರನ್ನ ಕೇಳಿ ಹೇಳ್ತೀನಿ.” ಫೋನ್ ಇಟ್ಟೆ. ಗಂಡನಿಗೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಆಮೇಲೆ ನಾನು ಎದ್ದು ಏನು ಮಾಡಿದೆ ಗೊತ್ತೇ? ಇನ್ಶೂರೆನ್ಸ್ ಫೈಲು ತೆಗೆದೆ. ಸುಳ್ಳು ಮಾಹಿತಿ ಕೊಟ್ಟಿದ್ದರೆ ಏನಾಗುತ್ತದೆ ಎಂದು ಸಣ್ಣ ಅಕ್ಷರದ ಷರತ್ತುಗಳನ್ನು ಬೆರಳಿಟ್ಟು ಓದತೊಡಗಿದೆ. ಅಲ್ಲಿ ರಸ್ತೆಯ ಮೇಲೆ ಒಬ್ಬ ಮನುಷ್ಯನ ಕಾಲು ಕಬ್ಬಿಣದಡಿ ಸಿಕ್ಕಿಕೊಂಡಿದೆ, ನಾನಿಲ್ಲಿ ಫ್ಯಾನಿನಡಿ ನಿಂತು ಷರತ್ತು ಓದುತ್ತಿದ್ದೇನೆ. ನಾನು ಕೆಟ್ಟವಳಲ್ಲ ಎಂದು ಅಲ್ಲಿಯವರೆಗೆ ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ಅವತ್ತು.

ಮಾವ ತಲೆಯೆತ್ತಿ, “ಏನಮ್ಮಾಯಿ, ಮುಖ ಹಿಂಗಾಗೈತೆ?” ಎಂದರು.

“ಲಾರಿ ಗುದ್ದಿದೆಯಂತೆ ಮಾವಯ್ಯ” ಎಂದೆ.

“ಮನುಷ್ಯರು?”

“ಡ್ರೈವರ್ ಬದುಕಿದ್ದಾನಂತೆ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿರುವಾಗ ಮೇಜಿನ ಮೇಲಿನ ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಅದೇ ನಂಬರು. ನನಗೆ ಕೈ ಚಾಚಲಾಗಲಿಲ್ಲ. ಮಾವ ಎದ್ದು ಬಂದು ತೆಗೆದುಕೊಂಡರು, ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದರು. ಗಸ್ತಿನವನ ದನಿ ಕೋಣೆ ತುಂಬಿತು. ಹಿಂದೆ ಕಬ್ಬಿಣ ಕತ್ತರಿಸುವ ಸದ್ದು, ಯಾರೋ ಕೂಗುವುದು. “ಮೇಡಂ, ಇದೊಂದು ಹೇಳಿ. ಆ ಪೆದ್ದಾಯನ ಎಡಕ್ಕೆ ತಲೆ ಹಾಕಿ ಮಲಗ್ತಾರಾ, ಬಲಕ್ಕಾ? ನಾವು ಕಂಬಿ ಕತ್ತರಿಸ್ತಾ ಇದ್ದೀವಿ, ತಲೆಗೆ ತಗುಲಬಾರದು.” ಪೆದ್ದಾಯನ ಎಂದರೆ ಹಿರಿಯರು. ಯಾವ ಹಿರಿಯರು ಎಂದು ಮಾವ ಕೇಳಿದರು. ಗಸ್ತಿನವ ಮತ್ತೊಮ್ಮೆ ಅವರ ಹೆಸರನ್ನು ಅವರಿಗೇ ಓದಿ ಹೇಳಿದ.

ಮಾವ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರಿಗೆ ಅಷ್ಟೇ ಸಾಕಾಯಿತು.

“ಆ ರೆಂಡೋ ಡ್ರೈವರ್ನಿ ನೇನೇ” ಎಂದರು. ಆ ಎರಡನೇ ಡ್ರೈವರ್ ನಾನೇ, ವಿಜಯವಾಡದ ನನ್ನ ಮನೆಯಲ್ಲಿ ಕೂತಿದ್ದೇನೆ, ಲಾರಿಯೊಳಗೆ ಅವನೊಬ್ಬನೇ ಇರುವುದು, ಹಿಂದೆ ಹುಡುಕಬೇಡಿ, ಮೊದಲು ಅವನನ್ನು ಹೊರಗೆ ತೆಗೆಯಿರಿ. ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದರು. ಗಸ್ತಿನವ, “ಅದೇನು ಸಾರ್, ಡ್ರೈವರೇ ಹೇಳ್ತಿದ್ದಾನಲ್ಲ! ಸೆಕೆಂಡ್ ಡ್ರೈವರ್ ಹಿಂದೆ ಮಲಗಿದ್ದಾನೆ ಅಂತ ಮೂರು ಸಲ ಹೇಳಿದ!” ಎಂದ.

ಆ ಮಾತು ನನ್ನದು. ನಾನೇ ಕಲಿಸಿದ್ದು, ನಾನೇ ಒಪ್ಪಿಸಿಕೊಂಡದ್ದು.

ಫೋನ್ ಇಟ್ಟ ಮೇಲೆ ಮಾವ ಬೈಯಲಿಲ್ಲ. “ಮೊದ್ಲು ಫೋನ್ ಬಂದು ಎಷ್ಟು ಹೊತ್ತಾತು?” ಎಂದು ಕೇಳಿದರು. ತೆಗೆದು ನೋಡಿದೆ. ಹತ್ತೊಂಬತ್ತು ನಿಮಿಷ.

ಅವನನ್ನು ವಿಶಾಖಪಟ್ಟಣದ ಆಸ್ಪತ್ರೆಗೆ ಸಾಗಿಸಿದರು ಎಂದು ತಿಳಿದ ಕೂಡಲೇ ನಾನೂ ಮಾವನೂ ರೈಲು ಹತ್ತಿದೆವು. ಜೊತೆಗೆ ಅವನ ಹೆಂಡತಿ. ಮಂಗಳಗಿರಿಯಿಂದ ಆಟೋದಲ್ಲಿ ಬಂದಿದ್ದಳು, ಕೈ ಬೆರಳುಗಳಿಗೆ ಇನ್ನೂ ನೂಲಿನ ಬಣ್ಣ ಹತ್ತಿತ್ತು. ಅವಳಿಗೆ ಅಪಘಾತ ಎಂದಷ್ಟೇ ಗೊತ್ತಿತ್ತು. ಇಡೀ ದಾರಿ ಅವಳು ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ನನಗೆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಇರಲಿ ಎಂದು ಬಿಡಲೂ ಆಗಲಿಲ್ಲ. ಅವಳು ನಿದ್ದೆಹೋದ ಮೇಲೆ ಮಾವ ಮೊದಲ ಸಲ ಬಾಯಿ ಬಿಟ್ಟರು.

“ನಾನೂ ಒಬ್ಬನೇ ಓಡಿಸ್ತಿದ್ದೆ ಅಮ್ಮಾಯಿ. ನಿದ್ದೆ ಬಂದ್ರೆ ಬೇವಿನ ಮರ ನೋಡಿ ಲಾರಿ ನಿಲ್ಲಿಸಿ ಮಲಗ್ತಿದ್ದೆ. ಮಾಲೀಕ ಬೈತಿದ್ದ, ಬೈಸಿಕೊಂತಿದ್ದೆ. ಇವನಿಗೆ ಆ ದಾರಿನೂ ಇಲ್ದಂಗಾತು.”

“ಯಾಕೆ ಮಾವಯ್ಯ?”

“ಇಬ್ರು ಅಂತ ಬರ್ದಿದ್ದೀಯಲ್ಲಮ್ಮ. ಯಾರ್ಡಿನವರು ಟೈಮ್ ಹಾಕೋದು ಇಬ್ಬರ ಲೆಕ್ಕಕ್ಕೆ. ಲೇಟ್ ಆದ್ರೆ ಸರದಿ ಹೋಗುತ್ತೆ. ಒಬ್ಬ ಮಲಗಿದ್ರೆ ಇನ್ನೊಬ್ಬ ಓಡಿಸ್ತಿರ್ತಾನೆ ಅಂತ ತಾನೆ ಅವರು ಅಂದ್ಕೊಳ್ಳೋದು? ಲಾರಿ ನಿಲ್ಲಂಗೇ ಇಲ್ಲ.”

ನನಗೆ ಅದು ಹೊಳೆದೇ ಇರಲಿಲ್ಲ. ದೇವರಾಣೆಗೂ ಹೊಳೆದಿರಲಿಲ್ಲ. ಶೀಟಿನಲ್ಲಿ ಹೊರಡುವ ಸಮಯ, ತಲುಪಬೇಕಾದ ಸಮಯ ಎರಡನ್ನೂ ನಾನೇ ಓದುತ್ತಿದ್ದೆ, ತಡವಾದರೆ ಅವನಿಗೆ ಫೋನ್ ಮಾಡಿ ಎಲ್ಲಿದ್ದೀಯ ಎಂದು ನಾನೇ ಗದರುತ್ತಿದ್ದೆ. ಹಿಂದಿನ ದಿನ ಅವನು ಯಾರ್ಡಿನ ಬಿಸಿಲಲ್ಲಿ ಲೋಡಿಗಾಗಿ ಕಾದು, ನಸುಕಿನಲ್ಲೇ ಹೊರಟಿದ್ದ. ಆ ಮಧ್ಯೆ ಎಷ್ಟು ಮಲಗಿದ್ದನೋ. ಒಂದು ಸುಳ್ಳು ಹೆಸರು ಬರೆದೆ ಎಂದುಕೊಂಡಿದ್ದೆ. ನಾನು ಅವನ ನಿದ್ದೆಯನ್ನೇ ತೆಗೆದುಕೊಂಡು, ಇಲ್ಲದ ಮನುಷ್ಯನಿಗೆ ಕೊಟ್ಟಿದ್ದೆ. ದುವ್ವಾಡದಲ್ಲಿ ರೈಲು ನಿಂತಾಗ ಕಿಟಕಿಯಿಂದ ಆಚೆ ನೋಡುವ ಧೈರ್ಯ ನನಗೆ ಬರಲಿಲ್ಲ.

ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಇನ್ನೂ ಬೇಗ ತಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, “ಹಾಗೆ ಹೇಳೋಕಾಗಲ್ಲಮ್ಮ, ಸ್ವಲ್ಪ ಬೇಗ ಬಂದಿದ್ರೆ ಪ್ರಯತ್ನ ಮಾಡಬಹುದಿತ್ತು” ಎಂದರು. ಒಳ್ಳೆಯ ಮನುಷ್ಯ, ನನ್ನನ್ನು ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡು ಹೇಳಿದರು.

ಮಾರನೇ ದಿನ ಅವನಿಗೆ ಎಚ್ಚರವಾಯಿತು. ಹೆಂಡತಿ ನೀರು ತರಲು ಹೊರಗೆ ಹೋದಾಗ ನನ್ನನ್ನು ಹತ್ತಿರ ಕರೆದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿ ಎಂದು ಆಸೆಪಟ್ಟೆ. ಅವನು ದನಿ ತಗ್ಗಿಸಿ ಕೇಳಿದ್ದು, “ಅಮ್ಮಾ, ನಾನು ತಡವರಿಸಲಿಲ್ಲ. ನೀವು ಹೇಳಿದ ಹಾಗೇ ಹೇಳಿದೆ. ನಿಮ್ಮ ಮೇಲೆ ಕೇಸು ಬರಲ್ಲ ತಾನೆ?”

ನಾನು ಇದುವರೆಗೆ ಎಷ್ಟೋ ಸಾವು ನೋವು ನೋಡಿದ್ದೇನೆ, ಅಮ್ಮನನ್ನು ಕಳೆದುಕೊಂಡಿದ್ದೇನೆ. ಆದರೆ ಆ ಪ್ರಶ್ನೆ ಕೇಳಿ ನಿಂತ ಹಾಗೆ ಬೇರೆ ಯಾವಾಗಲೂ ನಿಂತಿಲ್ಲ. ಕಬ್ಬಿಣದಡಿ ಸಿಕ್ಕಿಕೊಂಡು, ನೋವಿನಲ್ಲಿ ಬಾಯಿ ತಪ್ಪಿ ಬಂದ ಮಾತಲ್ಲ ಅದು. ಬೇಕೆಂದೇ ಹೇಳಿದ್ದ, ನಮ್ಮನ್ನು ಉಳಿಸಲು.

“ನಿನ್ನನ್ನ ಮೊದಲು ತೆಗೀತಿದ್ರು ಕಣಪ್ಪಾ” ಎಂದೆ ಅಳುತ್ತಾ. “ನಿಜ ಹೇಳಿದ್ದಿದ್ರೆ ನಿನ್ನನ್ನೇ ಮೊದಲು ತೆಗೀತಿದ್ರು.” ಅವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಮಾವ ಪೊಲೀಸರಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟರು. ನಾನೂ ಬರೆದುಕೊಟ್ಟೆ. ಅದೇ ಕಾಗದದ ಪ್ರತಿ ಹಿಡಿದುಕೊಂಡು ದುವ್ವಾಡದ ಯಾರ್ಡಿಗೆ ಹೋದೆ. ಸುರಕ್ಷತೆಯ ಅಧಿಕಾರಿ ಎಂದು ಬೋರ್ಡು ಹಾಕಿದ್ದ ಕೋಣೆಯಲ್ಲಿ ಎಸಿ ತಣ್ಣಗೆ ಬೀಸುತ್ತಿತ್ತು. ಅವರು ಓದಿ, ಬೇಸರದಿಂದ, ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ನಮ್ಮ ಲಾರಿಗಳನ್ನು ಇನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ಸರಿ, ತಪ್ಪಿಗೆ ತಕ್ಕದ್ದೇ. ನಾನು ಉಳಿದವರ ಟ್ರಿಪ್ ಶೀಟುಗಳನ್ನೂ ತೆಗೆದು ನೋಡಿ ಎಂದೆ. ಒಂದೇ ಹೆಸರು ಎಷ್ಟು ಲಾರಿಗಳಲ್ಲಿದೆ ನೋಡಿ, ನಾಳೆ ಗೇಟಿನಲ್ಲಿ ಒಬ್ಬರನ್ನು ನಿಲ್ಲಿಸಿ, ಕ್ಯಾಬಿನ್ ಹತ್ತಿಸಿ, ತಲೆ ಎಣಿಸಿ ಎಂದೆ.

“ಹಾಗೆ ಎಣಿಸಿದ್ರೆ ನಾಳೆ ಒಂದು ಲಾರಿನೂ ಹೊರಡಲ್ಲ ಮೇಡಂ” ಎಂದರು ಅವರು. ಅದರಲ್ಲಿ ನಾಚಿಕೆ ಇರಲಿಲ್ಲ. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ ಎನ್ನುವ ಹಾಗೆ ಹೇಳಿದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ಗುಮಾಸ್ತರಿಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತು. ಪಾಪ, ಗಸ್ತಿನವರೊಬ್ಬರೇ ನನ್ನ ಅಕ್ಷರವನ್ನು ನಂಬಿ, ಕ್ರೇನು ತಂದು ಹುಡುಕಿದರು.

ವಿಜಯವಾಡಕ್ಕೆ ಬಂದ ವಾರಕ್ಕೆ ಸಂಘದ ಸಭೆ ಇತ್ತು. ಮಾಲೀಕರು ನಲವತ್ತು ಮಂದಿ ಸೇರಿದ್ದರು, ಹೆಂಗಸು ನಾನೊಬ್ಬಳೇ. ಮಾವ ಹಿಂದಿನ ಸಾಲಿನಲ್ಲಿ ಕೂತರು. ಗಂಡ ಬರಲಿಲ್ಲ, ಮುಖ ತೋರಿಸುವುದು ಹೇಗೆ ಎಂದು ಮನೆಯಲ್ಲೇ ಉಳಿದರು. ನಾನು ಎದ್ದು ನಿಂತು ನನ್ನ ಹರಕು ತೆಲುಗಿನಲ್ಲಿ ಎಲ್ಲ ಹೇಳಿದೆ. ಹೆಸರು ಬರೆದದ್ದು, ಮಾತು ಕಲಿಸಿದ್ದು, ಹತ್ತೊಂಬತ್ತು ನಿಮಿಷ, ಕಾಲು. ಇಬ್ಬರು ಡ್ರೈವರ್ ಇಟ್ಟವರು ಸೋಲುವ ಹಾಗೆ ನಾವೇ ಮಾಡಿಕೊಂಡಿದ್ದೇವೆ, ಎಲ್ಲರೂ ಒಟ್ಟಿಗೆ ಈ ಸುಳ್ಳು ಹೆಸರು ಬರೆಯುವುದನ್ನು ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ, ಬಾಡಿಗೆ ಎಲ್ಲರದೂ ಒಂದೇ ಆಗುತ್ತದೆ ಎಂದೆ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಯಾರೂ ಬೈಯಲಿಲ್ಲ. ಕೆಲವರು ಕಣ್ಣೊರೆಸಿಕೊಂಡರು. ಅಧ್ಯಕ್ಷರು ಎದ್ದು, ಆ ಡ್ರೈವರ್‌ಗೆ ಸಂಘದಿಂದ ಏನಾದರೂ ಮಾಡೋಣ ಎಂದರು, ಎಲ್ಲರೂ ಒಪ್ಪಿದರು. ನನಗೆ ಜೀವ ಬಂದಂತಾಯಿತು.

ಆಗ ಅಧ್ಯಕ್ಷರು ಬಹಳ ಮೃದುವಾಗಿ ಕೇಳಿದರು. “ಅಕ್ಕಯ್ಯಾ, ಯಾರ್ಡಲ್ಲಿ ನಿಮ್ಮ ಮೂರು ಲಾರಿಗಳ ಸರದಿ ಖಾಲಿ ಆಯ್ತಲ್ಲ, ಅದನ್ನ ಯಾರಿಗೆ ಕೊಡೋಣ?”

ನನಗೆ ಮೊದಲು ಅವರು ಏನು ಕೇಳುತ್ತಿದ್ದಾರೆ ಎಂದೇ ತಿಳಿಯಲಿಲ್ಲ. ಸುತ್ತ ನೋಡಿದೆ. ಈಗಷ್ಟೇ ಕಣ್ಣೊರೆಸಿಕೊಂಡವರೂ ಕುತ್ತಿಗೆ ಮುಂದೆ ಚಾಚಿ ಕೂತಿದ್ದರು.

“ಇವತ್ತು ರೋಡ್ ಮೇಲಿರೋ ನಿಮ್ಮ ಲಾರಿಗಳಲ್ಲಿ ನಿಜವಾಗಿ ಇಬ್ಬರು ಡ್ರೈವರ್ ಇರೋದು ಯಾರದ್ದು?” ಎಂದೆ. “ಅವರಿಗೆ ಕೊಡಿ. ಕೈ ಎತ್ತಿ.”

ಯಾರೂ ಕೈ ಎತ್ತಲಿಲ್ಲ. ಅಧ್ಯಕ್ಷರು, “ಹಾಗಾದರೆ ಚೀಟಿ ಎತ್ತೋಣ” ಎಂದರು. ಹೆಸರು ಬರೆದು ಮಡಿಸಿದ ಚೀಟಿಗಳು ಒಂದು ಸ್ಟೀಲ್ ಪಾತ್ರೆಗೆ ಬಿದ್ದವು. ಪಾತ್ರೆಯನ್ನು ನನ್ನ ಮುಂದೆ ಹಿಡಿದರು. “ನೀವೇ ಎತ್ತಿಕೊಡಿ ಅಕ್ಕಯ್ಯಾ, ನಿಮಗೀಗ ಇದರಲ್ಲಿ ಏನೂ ಇಲ್ಲವಲ್ಲ, ನ್ಯಾಯವಾಗಿರುತ್ತೆ.”

ನಾನು ಕೈ ಹಾಕಲಿಲ್ಲ. ಇನ್ಯಾರೋ ಹಾಕಿದರು. ಹೆಸರು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮನುಷ್ಯನ ಲಾರಿ ಮಾರನೇ ದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆಯೇ ದುವ್ವಾಡಕ್ಕೆ ಹೊರಟಿತು. ನಾನು ಬಾಗಿಲಲ್ಲಿ ನಿಂತು ಕ್ಯಾಬಿನ್ ನೋಡಿದೆ. ಒಬ್ಬನೇ ಇದ್ದ.